ಸೋತ ಕೇಸಿಗೂ ಫೀಸು

ಗೈದರ್ಸ್‌ಬರ್ಗ್

ಅಮೆರಿಕಕ್ಕೆ ಹೋಗಿಬಂದವರು ಅಲ್ಲಿನ ರಸ್ತೆ, ಸ್ವಚ್ಛತೆ, ಸದ್ದಿಲ್ಲದ ಬೀದಿ ಎಲ್ಲವನ್ನೂ ಹೊಗಳಿ ಬರೆದದ್ದನ್ನು ನಾನೂ ಓದಿದ್ದೇನೆ. ನನಗೆ ಅದಾವುದನ್ನು ಕಂಡೂ ಹೆಚ್ಚೇನೂ ಅನ್ನಿಸಲಿಲ್ಲ. ನನ್ನ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಒಂದು ಕಾಲದಲ್ಲಿ ನನ್ನ ಕೈಕೆಳಗೆ ಜೂನಿಯರ್ ಆಗಿದ್ದ ಹುಡುಗಿ ಅಲ್ಲಿ ಒಂದು ಕೇಸು ಸೋತು, ಆ ಸೋತ ಕೇಸಿಗೇ ಫೀಸು ಕೇಳಲು ಹೊರಟಿದ್ದಳು. ಕೇಳಿದರೆ ಕೊಡುವ ಏರ್ಪಾಡೂ ಆ ದೇಶದಲ್ಲಿತ್ತು. ಸಾಲದೆಂಬಂತೆ ಆ ಕೇಸು ನನ್ನ ಸ್ವಂತ ತಂಗಿಯದು.

ನಾನು ಮೈಸೂರಿನಲ್ಲಿ ವಕೀಲ. ಮೋಟಾರು ಅಪಘಾತದ ಪರಿಹಾರದ ಕೇಸುಗಳೇ ನನ್ನ ಅನ್ನ. ನಸ್ರೀನ್ ಲಾ ಕಾಲೇಜು ಮುಗಿಸಿ ನೇರವಾಗಿ ನನ್ನ ಛೇಂಬರಿಗೆ ಬಂದವಳು. ಫೈಲು ಹೊತ್ತಳು, ವಾಯಿದೆ ಕೇಳಿದಳು, ನನ್ನ ಕೈಬರಹ ಓದಬಲ್ಲವರು ಯಾರೂ ಇಲ್ಲದ ಕಾಲದಲ್ಲಿ ಅದನ್ನೂ ಓದಿದಳು. ಆಮೇಲೆ ಮದುವೆಯಾಗಿ, ಲ್ಯಾಬಿನಲ್ಲಿ ಕೆಲಸ ಮಾಡುವ ಗಂಡನ ಜೊತೆ ವಾಷಿಂಗ್ಟನ್ ಪಕ್ಕದ ಗೈದರ್ಸ್‌ಬರ್ಗಿಗೆ ಹೋದಳು. ಅಲ್ಲಿ ಮತ್ತೆ ಓದಿ, ಪರೀಕ್ಷೆ ಕಟ್ಟಿ, ಸನ್ನದು ಪಡೆದಳು ಎಂದು ತಿಳಿದಾಗ ನಾನು ಹೆಮ್ಮೆಯಿಂದ ನಾಲ್ಕು ಜನರಿಗೆ ಹೇಳಿಕೊಂಡದ್ದು ನಿಜ. ಆಗ ಅವಳು ಕಣ್ಣೆದುರು ಇರಲಿಲ್ಲವಲ್ಲ.

ತಂಗಿಯನ್ನು ನೋಡಲೆಂದು ನಾನು ಅಮೆರಿಕಕ್ಕೆ ಹೋದಾಗ ವಿಮಾನ ನಿಲ್ದಾಣಕ್ಕೆ ಅವಳೇ ಬಂದಿದ್ದಳು. ಗಂಡ, ಮಕ್ಕಳು ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ ನಡೆಯಲಿದ್ದ ನಾದಿನಿಯ ಮಗಳ ಮದುವೆಗೆ ಮುಂಚೆಯೇ ಹೋಗಿಯಾಗಿತ್ತು. ಇವಳು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು, ದಾರಿಯಲ್ಲಿ ಕ್ಯಾರಿ ಎಂಬ ಊರಿನ ನನ್ನ ತಂಗಿಯ ಮನೆಯಲ್ಲಿ ಒಂದು ದಿನ ತಂಗಿ, ಅಲ್ಲಿಂದ ಡುಲುತ್‌ಗೆ ಹೋಗುವುದೆಂದು ನಿಶ್ಚಯವಾಗಿತ್ತು. ನನಗೆ ಅಟ್ಲಾಂಟಾ ತೋರಿಸುವುದು ಅವಳ ಆಸೆ.

ಅವಳ ಆಫೀಸು ಮನೆಯ ನೆಲಮಾಳಿಗೆಯಲ್ಲಿದೆ. ಒಂದು ಮೇಜು, ಎರಡು ಕಂಪ್ಯೂಟರ್ ಪರದೆ, ಗೋಡೆಗೆ ಮಕ್ಕಳು ಬರೆದ ಚಿತ್ರ. ಫೈಲಿನ ರಾಶಿ ಇಲ್ಲ, ಗುಮಾಸ್ತನಿಲ್ಲ, ಬಾಗಿಲಲ್ಲಿ ಚಪ್ಪಲಿಗಳಿಲ್ಲ. ಇಷ್ಟಕ್ಕೇ ಲಾಯರ್ ಅನ್ನುತ್ತಾರಲ್ಲ ಎಂದು ಒಳಗೊಳಗೇ ಮೂಗು ಮುರಿದೆ. ಅಷ್ಟರಲ್ಲಿ ಯಾರದೋ ಫೋನು ಬಂತು. ನಸ್ರೀನ್ ಮೊದಲು ಪರದೆಯ ಮೇಲೆ ಏನನ್ನೋ ಒತ್ತಿ, ಆಮೇಲೆ ಮಾತಾಡಿ, ಮುಗಿದ ಕೂಡಲೇ ಮತ್ತೆ ಒತ್ತಿದಳು. ಏನದು ಎಂದು ಕೇಳಿದೆ. ಮಾಡಿದ ಕೆಲಸವನ್ನೆಲ್ಲ ಆರಾರು ನಿಮಿಷದ ತುಂಡುಗಳಲ್ಲಿ ಬರೆದಿಡಬೇಕಂತೆ. ಯಾವ ತುಂಡಿನಲ್ಲಿ ಯಾವ ಕೆಲಸ ಮಾಡಿದೆ ಎಂದು ಒಂದು ಸಾಲೂ ಬರೆಯಬೇಕಂತೆ. ಕೊನೆಗೆ ಅದನ್ನೆಲ್ಲ ಕೋರ್ಟು ಓದಿ, ಇದು ಹೆಚ್ಚಾಯಿತು, ಇದು ಗುಮಾಸ್ತನ ಕೆಲಸ, ಇದಕ್ಕೆ ಕೊಡುವುದಿಲ್ಲ ಎಂದು ಗೆರೆ ಎಳೆದು, ಉಳಿದದ್ದನ್ನು ಒಂದು ನಿಧಿಯಿಂದ ಕೊಡಿಸುತ್ತದಂತೆ. ಮಾರಾಟವಾಗುವ ಪ್ರತಿ ಲಸಿಕೆಯ ಮೇಲೆ ಹಾಕುವ ಸಣ್ಣ ತೆರಿಗೆಯಿಂದ ಕಟ್ಟಿದ ನಿಧಿ ಅದು. ಲಸಿಕೆಯಿಂದ ತೊಂದರೆಯಾದವರಿಗೆ ಪರಿಹಾರವೂ ಅದರಿಂದಲೇ, ಅವರ ವಕೀಲರಿಗೆ ಫೀಸೂ ಅದರಿಂದಲೇ.

ಕಕ್ಷಿದಾರರು ಏನೂ ಕೊಡುವುದಿಲ್ಲವೇ ಎಂದು ಕೇಳಿದೆ. ಕೊಡುವಂತಿಲ್ಲ, ತೆಗೆದುಕೊಳ್ಳುವಂತೆಯೂ ಇಲ್ಲ ಎಂದಳು. ಸೋತರೆ? ಸೋತರೂ ಕೇಳಬಹುದು. ಒಳ್ಳೆಯ ಮನಸ್ಸಿನಿಂದ ಹಾಕಿದ ಕೇಸು, ಹಾಕಲು ತಕ್ಕ ಆಧಾರವಿತ್ತು ಎಂದು ಕೋರ್ಟಿಗೆ ಮನವರಿಕೆಯಾಗಬೇಕು. ಆಗದಿದ್ದರೆ ಮಾತ್ರ ಏನೂ ಇಲ್ಲ.

ಅವಳು ಚಹಾ ತಂದುಕೊಟ್ಟಳು. ನಾನು ಸೋತ ಕೇಸುಗಳೆಲ್ಲ ಸಾಲಾಗಿ ನೆನಪಿಗೆ ಬಂದವು. ನಾಲ್ಕೈದು ವರ್ಷ ಓಡಾಡಿ, ಮೂಳೆ ಡಾಕ್ಟರನ್ನು ಸಾಕ್ಷಿಗೆ ಕರೆಸಿ, ಅವರ ಖರ್ಚನ್ನೂ ಕೈಯಿಂದ ಹಾಕಿ, ಕೊನೆಗೆ ವಜಾ ಎಂದು ಕೇಳಿಸಿಕೊಂಡು ಬಂದ ಸಂಜೆಗಳು. ಆ ಸಂಜೆಗಳಿಗೆ ನನಗೆ ಯಾವ ನಿಧಿಯೂ ಏನೂ ಕೊಡಲಿಲ್ಲ.

ವಾಷಿಂಗ್ಟನ್

ಮರುದಿನ, ದೇಶದ ಲಸಿಕೆ ಕೇಸುಗಳೆಲ್ಲ ಬರುವ ಆ ಕೋರ್ಟನ್ನು ನೋಡಲೇಬೇಕೆಂದೆ. ಶ್ವೇತಭವನದ ಎದುರಿನ ಉದ್ಯಾನದ ಪಕ್ಕದಲ್ಲಿದೆ. ನೋಡುವಂಥದ್ದೇನೂ ಇಲ್ಲ ಸರ್, ಈಗೆಲ್ಲ ವಿಡಿಯೋದಲ್ಲೇ ನಡೆಯುತ್ತದೆ ಎಂದು ನಸ್ರೀನ್ ಹೇಳಿದಳು. ನನಗೆ ಅಲ್ಲಿ ಒಂದು ಫೋಟೋ ಬೇಕಿತ್ತು. ಅದಕ್ಕೆಂದೇ ಮೈಸೂರಿನಿಂದ ಕಪ್ಪು ಕೋಟು, ಕೊರಳಿಗೆ ಕಟ್ಟುವ ಬಿಳಿ ಬ್ಯಾಂಡು ಎರಡನ್ನೂ ತಂದಿದ್ದೆ. ಬಾರ್ ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿಗೆ ಹಾಕುವ ಉದ್ದೇಶ.

ಉದ್ಯಾನದಲ್ಲಿ ಬ್ಯಾಂಡು ಕಟ್ಟಿಕೊಂಡು, ಎದೆಯುಬ್ಬಿಸಿ ನಿಂತೆ. ನಸ್ರೀನ್ ಫೋನು ಹಿಡಿದು ಹಿಂದೆ ಹಿಂದೆ ಸರಿಯುತ್ತಿದ್ದಳು. ಅಷ್ಟರಲ್ಲಿ ಕೋಲು ಊರಿಕೊಂಡು ಬಂದ ಒಬ್ಬ ವೃದ್ಧೆ ನನ್ನೆದುರು ನಿಂತು, ಫಾದರ್ ಎಂದು ಕರೆದು, ತನ್ನ ಮಗನಿಗೆ ಆಪರೇಷನ್ ಇದೆ, ಒಂದು ಪ್ರಾರ್ಥನೆ ಮಾಡುತ್ತೀರಾ ಎಂದು ಕೇಳಿದರು. ನಾನು ಪಾದ್ರಿಯಲ್ಲ, ಲಾಯರ್ ಎಂದು ಹೇಳುವಷ್ಟರಲ್ಲಿ ಅವರು ಕಣ್ಣು ಮುಚ್ಚಿ ತಲೆ ಬಾಗಿಸಿಬಿಟ್ಟಿದ್ದರು. ಬೇರೆ ದಾರಿ ಕಾಣದೆ ನಂಜನಗೂಡಿನ ದೇವರನ್ನು ನೆನೆದು ಎರಡು ಮಾತು ಕನ್ನಡದಲ್ಲೇ ಹೇಳಿದೆ. ಅವರು ನನ್ನ ಕೈ ಒತ್ತಿ, ಸಮಾಧಾನದಿಂದ ಹೊರಟುಹೋದರು. ನಸ್ರೀನ್ ಬೆಂಚಿನ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಕೋರ್ಟಿನ ಬಾಗಿಲಿಗೆ ಹೋದರೆ ಅಲ್ಲಿನ ಕಾವಲುಗಾರ ನನ್ನ ಕೋಟನ್ನು ತಿರುಗಿಯೂ ನೋಡಲಿಲ್ಲ. ಸಾದಾ ಸ್ವೆಟರು, ಬಟ್ಟೆಯ ಶೂ ಹಾಕಿದ್ದ ನಸ್ರೀನಳನ್ನು ಮಾತ್ರ ನಗುತ್ತಾ, ಅಲ್ಲಿ ವಕೀಲರನ್ನು ಕರೆಯುವ ಹಾಗೆ, ಕೌನ್ಸೆಲರ್ ಎಂದು ಕರೆದು ಬಾಗಿಲು ಹಿಡಿದ. ಒಳಗೆ ಉದ್ದನೆಯ ಮೊಗಸಾಲೆ, ತಣ್ಣನೆಯ ನೆಲ, ಯಾರೂ ಇಲ್ಲ. ನಮ್ಮ ಕೋರ್ಟಿನ ಆವರಣದಲ್ಲಾದರೆ ಮರದ ಕೆಳಗೆ ಟೈಪು ಮಾಡುವವರು, ಟೀ ಮಾರುವವರು, ಎದುರು ಪಕ್ಷದವರ ಮೇಲೆ ಒಂದು ಕಣ್ಣಿಟ್ಟು ಬುತ್ತಿ ಬಿಚ್ಚುವವರು ಇರುತ್ತಾರೆ. ಇಲ್ಲಿ ನ್ಯಾಯ ನಡೆಯುತ್ತಿದೆ ಎಂದು ನಂಬುವುದೇ ಕಷ್ಟವಾಯಿತು. ಆದರೂ ಆ ಬಾಗಿಲು ಹಿಡಿದ ಕೈ ದಿನವಿಡೀ ನನ್ನ ಮನಸ್ಸಿನಿಂದ ಹೋಗಲಿಲ್ಲ.

ಕ್ಯಾರಿ

ಉತ್ತರ ಕೆರೊಲಿನಾದವರೆಗಿನ ದಾರಿಯುದ್ದಕ್ಕೂ ಎರಡೂ ಕಡೆ ಪೈನ್ ಮರಗಳು. ಗಂಟೆಗಟ್ಟಲೆ ಅದೇ ಮರ, ಅದೇ ಮರ. ಈ ಪ್ರಯಾಣಕ್ಕೂ ಗಡಿಯಾರ ಒತ್ತಿದ್ದೀಯಾ ಎಂದು ಕೆಣಕಿದೆ. ಕೇಸಿಗಾಗಿ ಹೋಗುವಾಗಲೂ ಸುಮ್ಮನೆ ಪ್ರಯಾಣ ಮಾಡಿದರೆ ಕೋರ್ಟು ಅರ್ಧ ದರವನ್ನಷ್ಟೇ ಕೊಡುತ್ತದೆ, ಇದು ಮದುವೆಗೆ ಹೋಗುವ ದಾರಿಯಾದ್ದರಿಂದ ಅದನ್ನೂ ಕೇಳುವುದಿಲ್ಲ ಎಂದಳು. ಕೇಳಿದರೆ ಯಾರಿಗೆ ಗೊತ್ತಾಗುತ್ತದೆ ಎಂದೆ. ಅವಳು ವೈಪರ್ ಹಾಕಿದಳು. ಮಳೆ ಇರಲಿಲ್ಲ, ಗಾಜಿನ ಮೇಲೆ ಒಂದಿಷ್ಟು ಧೂಳಿತ್ತು.

ನನ್ನ ತಂಗಿ ಲಲಿತಾ, ಅವಳ ಗಂಡ ಪ್ರಕಾಶ್ ಕ್ಯಾರಿಯಲ್ಲಿದ್ದಾರೆ. ಪ್ರಕಾಶ್‌ಗೆ ಅಲ್ಲೇ ಹತ್ತಿರದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಕಂಪನಿಯಲ್ಲಿ ಕೆಲಸ. ಕೊರೊನಾದ ಗಲಾಟೆ ತಗ್ಗಿದ ಮೇಲೆ ಒಂದು ಚಳಿಗಾಲ ಲಲಿತಾ ಔಷಧಿ ಅಂಗಡಿಯಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡಳು. ಸೂಜಿ ತೋಳಿನ ಮಾಂಸಕ್ಕೆ ಬೀಳುವ ಬದಲು ಮೇಲೆ, ಭುಜದ ಕೀಲಿನ ಹತ್ತಿರ ಬಿತ್ತು. ಅಂದಿನಿಂದ ಬಲಗೈ ಮೇಲೆತ್ತಲು ಆಗುವುದಿಲ್ಲ. ತಲೆ ಬಾಚಿಕೊಳ್ಳಲು, ಮೇಲಿನ ಷೆಲ್ಫಿನಿಂದ ಡಬ್ಬಿ ತೆಗೆಯಲು ಇನ್ನೊಬ್ಬರು ಬೇಕು. ಲಸಿಕೆಯ ಮೇಲೆ ಅವಳಿಗೇನೂ ಸಿಟ್ಟಿಲ್ಲ, ಈಗಲೂ ವರ್ಷಕ್ಕೊಮ್ಮೆ ಎಡಗೈಗೆ ಹಾಕಿಸಿಕೊಳ್ಳುತ್ತಾಳೆ. ನಸ್ರೀನಳ ಬಳಿಗೆ ಅವಳನ್ನು ಕಳಿಸಿದವನು ನಾನೇ.

ಕೇಸು ಸೋತದ್ದು ನಮ್ಮವರ ಒಂದು ಅಭ್ಯಾಸದಿಂದ. ಚುಚ್ಚಿದ ಎರಡು ದಿನಗಳೊಳಗೆ ನೋವು ಶುರುವಾಗಿರಬೇಕೆಂಬುದು ಅಲ್ಲಿನ ಮುಖ್ಯ ನಿಯಮ. ಲಲಿತಾಳಿಗೆ ಅಂದೇ ಶುರುವಾಗಿತ್ತು. ಆದರೆ ಇಷ್ಟಕ್ಕೆಲ್ಲ ಡಾಕ್ಟರೇ ಎಂದು ತಿಂಗಳುಗಟ್ಟಲೆ ಎಣ್ಣೆ ಹಚ್ಚಿ, ಬಿಸಿನೀರಿನ ಚೀಲ ಇಟ್ಟುಕೊಂಡು ಕಳೆದಳು. ಕೊನೆಗೆ ಹೋದಾಗ ಡಾಕ್ಟರು ಹೇಗಿದ್ದೀರಿ ಎಂದರೆ, ನಾವೆಲ್ಲ ಹೇಳುವ ಹಾಗೆ, ಪರವಾಗಿಲ್ಲ, ಈಚೆಗೆ ಸ್ವಲ್ಪ ನೋವು ಎಂದಳು. ಅವರು ಅದನ್ನೇ ಬರೆದುಕೊಂಡರು. ಗಂಡ, ಗೆಳತಿ, ಫೋನಿನಲ್ಲಿ ಅವಳ ಗೋಳು ಕೇಳಿದ್ದ ನಾನು ಎಲ್ಲರೂ ಅವಳು ಮೊದಲ ದಿನದಿಂದಲೇ ನರಳುತ್ತಿದ್ದಳೆಂದು ಪ್ರಮಾಣ ಮಾಡಿ ಬರೆದುಕೊಟ್ಟರೂ ಡಾಕ್ಟರರ ಬರಹವೇ ಗೆದ್ದಿತು.

ಊಟಕ್ಕೆ ಮೊದಲು ನಸ್ರೀನ್ ಲಲಿತಾಳಿಂದ ಒಂದು ಹೇಳಿಕೆಗೆ ಸಹಿ ಪಡೆದಳು. ಈ ಕೇಸಿಗಾಗಿ ತಾನು ಕೈಯಿಂದ ಏನೂ ಖರ್ಚು ಮಾಡಿಲ್ಲ, ವಕೀಲರಿಗೆ ಏನೂ ಕೊಟ್ಟಿಲ್ಲ ಎಂದು. ಫೀಸಿನ ಅರ್ಜಿಯ ಜೊತೆ ಅದನ್ನು ಕೋರ್ಟಿಗೆ ಹಾಕಬೇಕು, ಗಡುವು ಹತ್ತಿರ ಬಂದಿತ್ತು. ಸಹಿ ಮುಗಿದ ಕೂಡಲೇ ಫೋನಿನ ಗಡಿಯಾರ ನಿಲ್ಲಿಸಿ, ಬಿಸಿಬೇಳೆಬಾತ್ ತುಂಬಾ ದಿನವಾಯಿತು ಎಂದು ತಟ್ಟೆ ಹಿಡಿದು ಕುಳಿತಳು.

ಅಡುಗೆಮನೆಯಲ್ಲಿ ಲಲಿತಾ ನನ್ನನ್ನು ಪಕ್ಕಕ್ಕೆ ಕರೆದಳು. ನಸ್ರೀನಳಿಗೆ ಕೊಡಲು ಒಂದು ಮೈಸೂರು ಸಿಲ್ಕ್ ಸೀರೆ ತೆಗೆದಿಟ್ಟಿದ್ದಳು. ಪ್ರಕಾಶ್ ಒಂದು ಕವರಿನಲ್ಲಿ ಡಾಲರು ಹಾಕಿ ತಂದಿದ್ದರು. ಮೂರು ವರ್ಷ ದುಡಿದವಳನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ ಎಂದು ಇಬ್ಬರಿಗೂ ಸಂಕಟ. ಏನೂ ಕೊಡಬಾರದೆಂದು ನಸ್ರೀನ್ ಮೊದಲ ದಿನವೇ ಹೇಳಿದ್ದಳಂತೆ. ಆದರೆ ನಮ್ಮಲ್ಲಿ ಬೇಡ ಬೇಡ ಅಂದವರಿಗೆ ತಾನೇ ಎರಡನೇ ಸಲ ಬಡಿಸುವುದು. ಅವಳು ಸಂಕೋಚಕ್ಕೆ ಹೇಳಿದಳೆಂದೇ ಇವರು ತಿಳಿದಿದ್ದರು.

"ಅಣ್ಣ, ಕೈಗೆ ಕೊಟ್ರೆ ತಗೊಳಲ್ಲ. ಸೀರೆ ಮಡಿಕೆ ಒಳಗೆ ಇಟ್ಬಿಡ್ಲಾ?" ಎಂದಳು ಲಲಿತಾ.

ನಾನು ಕಾನೂನು ಬಲ್ಲವನು. ತೆಗೆದುಕೊಳ್ಳುವಂತಿಲ್ಲ ಎಂದು ನಸ್ರೀನಳ ಬಾಯಿಂದಲೇ ಕೇಳಿದ್ದೆ. ಆದರೂ ಇಡು, ಯಾವ ಲಾಯರೂ ಬೇಡ ಅನ್ನುವುದಿಲ್ಲ ಎಂದುಬಿಟ್ಟೆ. ಕಾರಣವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅವಳು ಅದನ್ನು ತೆಗೆದುಕೊಳ್ಳುವುದನ್ನು ನಾನು ನೋಡಬೇಕಿತ್ತು. ಗುಟ್ಟಾಗಿ ಬ್ಯಾಗಿಗೆ ಹಾಕಿಕೊಂಡರೆ ಇವಳೂ ನಮ್ಮಂತೆಯೇ ಎಂದು ಸಮಾಧಾನಪಟ್ಟು, ಉಳಿದ ದಿನಗಳನ್ನು ನೆಮ್ಮದಿಯಿಂದ ಕಳೆಯಬಹುದೆಂಬ ಆಸೆಯಿತ್ತು.

ಲಲಿತಾ ತಟ್ಟೆಯಲ್ಲಿ ಹೂವು, ಹಣ್ಣು, ಬಳೆ, ಸೀರೆ ಇಟ್ಟು ಕೊಟ್ಟಳು. ನಸ್ರೀನ್ ಸೀರೆಯ ಮೇಲೆ ಕೈಯಾಡಿಸಿ, ಸ್ವಲ್ಪ ಯೋಚಿಸಿ, ಇದೆಲ್ಲ ಯಾಕೆ ಎಂದಳು. ಮದುವೆಯಲ್ಲಿ ಉಟ್ಟುಕೋ, ನನ್ನ ನೆನಪಿಗೆ ಎಂದು ಲಲಿತಾ ಅವಳ ಕೈ ಹಿಡಿದುಕೊಂಡಳು. ಲಲಿತಾಳ ಬಲಗೈ ಅಷ್ಟೇ ಎತ್ತರಕ್ಕೆ ಬರುವುದು. ನಸ್ರೀನ್ ಮತ್ತೆ ಬೇಡ ಎನ್ನಲಿಲ್ಲ.

ಡುಲುತ್

ಮದುವೆ ಮನೆ ನೆಂಟರಿಂದ ತುಂಬಿದ್ದರಿಂದ ನನ್ನನ್ನು ಶಕುಂತಲಮ್ಮ ಎಂಬುವರ ಮನೆಯಲ್ಲಿ ಇಳಿಸುವುದೆಂದು ನಸ್ರೀನ್ ಏರ್ಪಾಟು ಮಾಡಿದ್ದಳು. ಮೈಸೂರಿನ ಸರಸ್ವತಿಪುರದವರು, ಎಪ್ಪತ್ತು ದಾಟಿದ ಹೆಂಗಸು, ಮಗಳ ಜೊತೆ ಇದ್ದಾರೆ. ಅವರಿಗೂ ಲಸಿಕೆಯ ನಂತರ ಭುಜ ಹಿಡಿದುಕೊಂಡಿತ್ತು. ನಸ್ರೀನ್ ಕೇಸು ಹಾಕಿ ಗೆದ್ದುಕೊಟ್ಟು ಎರಡು ವರ್ಷವಾಗಿತ್ತು.

ಡುಲುತ್‌ನ ದೊಡ್ಡ ರಸ್ತೆಯ ಇಕ್ಕೆಲಗಳಲ್ಲಿ ಕೊರಿಯಾದವರ ಅಂಗಡಿಗಳು, ವಿಯೆಟ್ನಾಮಿನವರ ಬೇಕರಿ, ನಡುವೆ ನಮ್ಮ ಇಡ್ಲಿಹಿಟ್ಟು ಮಾರುವ ಅಂಗಡಿ. ಆ ಬೋರ್ಡುಗಳನ್ನು ಓದಲು ಪ್ರಯತ್ನಿಸುತ್ತಾ ಹೋದೆ. ಮನೆ ಮುಟ್ಟಿದಾಗ ಶಕುಂತಲಮ್ಮ ಬಾಗಿಲಲ್ಲೇ ನಿಂತಿದ್ದರು. ನನಗೊಂದು ನಮಸ್ಕಾರ ಮಾಡಿ, ನಸ್ರೀನಳ ಕೆನ್ನೆ ಹಿಡಿದು, ಯಾಕೆ ಇಷ್ಟು ಸೊರಗಿದ್ದೀಯಾ ಎಂದು ಗದರಿದರು. ಅವಳಿಗೆಂದು ಕಾಯಿಹೋಳಿಗೆ ಮಾಡಿಟ್ಟಿದ್ದರು. ಅವಳ ಮಕ್ಕಳಿಗೆ ಬೇರೆ ಡಬ್ಬಿ. ಪಕ್ಕದ ಮನೆಯ ಅಂಕಲ್ ಒಬ್ಬರೂ ಅವಳನ್ನು ಕಾಣಲು ಬಂದು ಕುಳಿತಿದ್ದರು. ಕೊರೊನಾ ಲಸಿಕೆಯಿಂದ ತೊಂದರೆಯಾದರೂ ಇದೇ ಕೋರ್ಟಿನಲ್ಲಿ ಕೇಸು ಹಾಕಬಹುದೇ ಎಂಬುದು ಅವರ ಪ್ರಶ್ನೆ. ಅದಕ್ಕೆ ಬೇರೆಯೇ ಏರ್ಪಾಡಿದೆ, ಅಲ್ಲಿ ವಕೀಲರಿಗೆ ಫೀಸು ಕೊಡುವ ಪದ್ಧತಿ ಇಲ್ಲ, ಹಾಗಾಗಿ ಆ ಕೆಲಸ ಹಿಡಿಯುವವರು ಕಡಿಮೆ ಎಂದು ನಸ್ರೀನ್ ವಿವರಿಸಿದಳು. ಅಮೆರಿಕದ ವಕೀಲರಿಗೂ ಏನೂ ದಕ್ಕದ ಒಂದು ಜಾಗವಿದೆ ಎಂದು ತಿಳಿದು ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆ ಅಂಕಲ್‌ನ ಮುಖ ನೋಡಿ ಅದೂ ನಿಲ್ಲಲಿಲ್ಲ.

ಹೋಳಿಗೆ ಬಡಿಸುತ್ತಾ ಶಕುಂತಲಮ್ಮ, ನೀವೂ ಇಂಥದೇ ಕೇಸು ನಡೆಸುತ್ತೀರಂತಲ್ಲ, ನಿಮ್ಮ ಕಕ್ಷಿದಾರರೂ ಹೀಗೇ ಬಂದುಹೋಗಿ ಮಾಡುತ್ತಾರಾ ಎಂದು ಕೇಳಿದರು. ಮಾಡುತ್ತಾರೆ ಎಂದೆ. ಅದು ಸುಳ್ಳು.

ನಮ್ಮಲ್ಲಿ ಗೆದ್ದರೆ ಇಷ್ಟು ಪಾಲು ಎಂದು ವಕೀಲ ಮಾತಾಡಿಕೊಳ್ಳುವುದನ್ನು ನಿಯಮ ಒಪ್ಪುವುದಿಲ್ಲ. ರೂಢಿಯಲ್ಲಿ ಮಾತ್ರ ಎಲ್ಲರೂ ಹಾಗೇ ಮಾಡುತ್ತಾರೆ. ಪರಿಹಾರದ ಚೆಕ್ಕು ಬಂದ ದಿನ ಕಾಲು ಕಳೆದುಕೊಂಡವನು, ಗಂಡನನ್ನು ಕಳೆದುಕೊಂಡವಳು ನನ್ನ ಎದುರು ಕೂರುತ್ತಾರೆ. ಆ ಕಾಲಿನ, ಆ ಗಂಡನ ಲೆಕ್ಕದಿಂದ ನನ್ನ ಪಾಲನ್ನು ನಾನೇ ಬಾಯಿಬಿಟ್ಟು ಕೇಳಬೇಕು. ಅವರು ಕೊಡುತ್ತಾರೆ, ಕೈಮುಗಿಯುತ್ತಾರೆ, ಮತ್ತೆ ಈ ಕಡೆ ಬರುವುದಿಲ್ಲ. ಲಾರಿ ಹರಿದು ಕಾಲು ಹೋದ ಒಬ್ಬನಿಗೆ ಒಳ್ಳೆಯ ಪರಿಹಾರವನ್ನೇ ಕೊಡಿಸಿದ್ದೆ. ದೇವರಾಜ ಮಾರುಕಟ್ಟೆಯಲ್ಲಿ ನನ್ನನ್ನು ಕಂಡರೆ ಅವನು ಊರುಗೋಲು ಊರಿಕೊಂಡೇ ಆಚೆ ಬದಿಗೆ ದಾಟಿಬಿಡುತ್ತಾನೆ. ಡುಲುತ್‌ನ ಆ ಊಟದ ಮೇಜಿನಲ್ಲಿ, ಬಾಯಿಯಲ್ಲಿ ಹೋಳಿಗೆ ಇಟ್ಟುಕೊಂಡು, ನನಗೆ ನಸ್ರೀನಳ ಮೇಲೆ ಎಂದೂ ಇಲ್ಲದಷ್ಟು ಹೊಟ್ಟೆಕಿಚ್ಚಾಯಿತು. ಅವಳ ಕೆನ್ನೆ ಹಿಡಿಯುವವರಿದ್ದರು.

ಊಟವಾದ ಮೇಲೆ ಮದುವೆಗೆ ಏನು ಉಡುತ್ತೀಯಾ ಎಂದು ಶಕುಂತಲಮ್ಮ ಕೇಳಿದರು. ನಸ್ರೀನ್ ಉತ್ಸಾಹದಿಂದ ಕಾರಿನಿಂದ ಲಲಿತಾಳ ಸೀರೆ ತಂದಳು. ಸೆರಗಿನ ಜರಿ ತೋರಿಸಲು ಬಿಡಿಸಿದಾಗ ಕವರು ನೆಲಕ್ಕೆ ಬಿತ್ತು.

ಅವಳು ಅದನ್ನು ಎತ್ತಿಕೊಂಡು ಒಳಗೆ ಇಣುಕಿದಳು. ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಸೋಫಾದ ಅಂಚಿನಲ್ಲಿ ಕುಳಿತುಬಿಟ್ಟಳು.

"ಸರ್, ಇದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಇಡು ಅಂದಿದ್ದೇ ನಾನು."

ಯಾಕೆ ಎಂದು ಅವಳು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ತಿಳಿಯದು. ಅವಳು ಕೇಳಲಿಲ್ಲ.

"ಏನೂ ಕೊಟ್ಟಿಲ್ಲ ಅಂತ ಲಲಿತಾ ಸೈನ್ ಮಾಡಿದ್ದಾರೆ ಸರ್. ಇದು ನನ್ನ ಹತ್ರ ಇರೋವರೆಗೂ ಅದು ಸುಳ್ಳು. ನಾನು ಫೈಲ್ ಮಾಡಕ್ಕಾಗಲ್ಲ. ಡೆಡ್‌ಲೈನ್ ಹೋದ್ರೆ ಮೂರು ವರ್ಷದ್ದು ಹೋಯ್ತು. ಎಕ್ಸ್‌ಪರ್ಟ್ ಡಾಕ್ಟರಿಗೆ ರಿಪೋರ್ಟ್ ಬರೆಸೋಕೆ ನಾನೇ ಕೈಯಿಂದ ಪೇ ಮಾಡಿದೀನಿ, ಅದೂ ಹೋಯ್ತು."

ಒಂದು ಕವರಿಗೆ ಇಷ್ಟು ಗಾಬರಿಯೇ, ಹರಿದು ಬಿಸಾಕಿದರಾಯಿತು ಎಂದು ನಗಲು ಹೋದೆ. ನಗು ಬರಲಿಲ್ಲ. ಅವಳು ಸೀರೆಯನ್ನು ನಿಧಾನವಾಗಿ ಮೊದಲಿನ ಮಡಿಕೆಗೇ ಮಡಿಸತೊಡಗಿದಳು. ಸೀರೆಯಾದರೂ ಇಟ್ಟುಕೋ ಎಂದರು ಶಕುಂತಲಮ್ಮ. ಇಷ್ಟು ಬೆಲೆಯದನ್ನು ಅವತ್ತೇ ತೆಗೆದುಕೊಳ್ಳಬಾರದಿತ್ತು, ಲಲಿತಾರ ಕೈ ನೋಡಿ ಬೇಡ ಅನ್ನಲಾಗಲಿಲ್ಲ ಎಂದಳು. ಹಾಗೆ ಹೇಳುವಾಗ ಅವಳ ಬೆರಳು ಜರಿಯ ಮೇಲೇ ಇತ್ತು.

ಹಣ ಮರಳಿ ಮುಟ್ಟಿತೆಂದು ಲಲಿತಾ ಹೇಳುವವರೆಗೆ ತಾನು ಅರ್ಜಿ ಹಾಕುವುದಿಲ್ಲ ಎಂದಳು. ಅಂಚೆಯಲ್ಲಿ ಹಣ ಕಳಿಸುವುದು ಸರಿಯಲ್ಲ, ಅವಳು ಮದುವೆ ಬಿಟ್ಟು ಹೋಗುವಂತಿಲ್ಲ. ನಾನು ಒಯ್ಯುತ್ತೇನೆ ಎಂದೆ. ಅಟ್ಲಾಂಟಾ ನೋಡಲೇ ಇಲ್ಲ, ಬಸ್ ನಿಲ್ದಾಣವೊಂದನ್ನು ಬಿಟ್ಟು.

ಮತ್ತೆ ಕ್ಯಾರಿ

ಅಮೆರಿಕದಲ್ಲಿ ದೂರದ ಬಸ್ಸು ಹತ್ತುವವರು ಕಾರಿಲ್ಲದವರು, ಇಲ್ಲವೇ ನನ್ನಂಥವರು. ಪಕ್ಕದಲ್ಲಿ ಕುಳಿತ ಭಾರಿ ಗಾತ್ರದ ಮನುಷ್ಯ ಹತ್ತಿದ ಕೂಡಲೇ ತನ್ನ ಇಡೀ ಸಂಸಾರದ ಕಥೆ ಹೇಳಿದ. ಮುಗಿದ ಮೇಲೆ ಒಂದೇ ಕ್ಷಣದಲ್ಲಿ ಟೋಪಿ ಮುಖಕ್ಕೆ ಎಳೆದುಕೊಂಡು ನಿದ್ದೆ ಹೋದ. ನಮ್ಮ ಬಸ್ಸಿನಲ್ಲಾದರೆ ಅಷ್ಟು ಹೇಳಿಕೊಂಡವನು ನಮ್ಮದನ್ನೂ ಕೇಳದೆ ಬಿಡುವುದಿಲ್ಲ. ಕೇಳಿದ್ದರೂ ಏನು ಹೇಳಲಿ, ಮಡಿಲಲ್ಲಿ ಸೀರೆಯ ಚೀಲ ಇಟ್ಟುಕೊಂಡು ಕುಳಿತಿದ್ದೆ.

ಪ್ರಕಾಶ್ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋದರು. ಚೀಲದಿಂದ ಸೀರೆಯೂ ಕವರೂ ಹೊರಬಂದಾಗ ಲಲಿತಾಳ ಕಣ್ಣು ತುಂಬಿತು.

"ಸೋತವಳ ಕೈಯಿಂದ ಸೀರೆನೂ ಬೇಡ್ವಂತಾ ಅಣ್ಣ?"

ಈಗ ನಾನು ಎಲ್ಲವನ್ನೂ ಬಿಡಿಸಿ ಹೇಳಲೇಬೇಕಾಯಿತು. ಕಕ್ಷಿದಾರರ ಕೈಗೆ ಬರುವುದು ಪೂರ್ತಿ ಅವರಿಗೇ ಉಳಿಯಲಿ ಎಂದು ಅಲ್ಲಿ ವಕೀಲರ ಕೈ ಕಟ್ಟಿದ್ದಾರೆ, ನಸ್ರೀನ್ ಅದನ್ನು ಮೀರಿದರೆ ಮೂರು ವರ್ಷದ ದುಡಿಮೆಯ ಜೊತೆ ಹೆಸರೂ ಹೋಗುತ್ತದೆ ಎಂದೆ. ಫೀಸಿನ ಅರ್ಜಿ ಹಾಕಿದ ಮೇಲೂ ಸಿಗುತ್ತದೆಂಬ ಖಾತ್ರಿ ಇಲ್ಲ, ಕೇಸಿಗೆ ಆಧಾರವೇ ಇರಲಿಲ್ಲವೆಂದು ಕೋರ್ಟು ಹೇಳಿದರೆ ಡಾಕ್ಟರಿಗೆ ಕೊಟ್ಟದ್ದೂ ವಾಪಸು ಬರುವುದಿಲ್ಲ ಎಂದೆ. ಹೊಟ್ಟೆಯಲ್ಲಿ ಕಿಚ್ಚಿಟ್ಟುಕೊಂಡು ಜೂನಿಯರ್ ಒಬ್ಬಳ ಪರವಾಗಿ ವಾದಿಸಿದ್ದು ಜೀವನದಲ್ಲಿ ಅದೊಂದೇ ಸಲ. ಚೆನ್ನಾಗಿಯೇ ವಾದಿಸಿದೆನೆಂದು ಕಾಣುತ್ತದೆ.

ಲಲಿತಾ ಬೆರಗಾಗಿ ಕೇಳುತ್ತಿದ್ದಳು. ಸರ್ಕಾರ ನಸ್ರೀನಳಿಗೆ ತಿಂಗಳು ತಿಂಗಳು ಸಂಬಳ ಕೊಡುತ್ತದೆಂದೇ ಅವಳು ಇಷ್ಟು ದಿನ ತಿಳಿದಿದ್ದಳು.

"ಹಾಗಾದ್ರೆ ನಾನು ಡಾಕ್ಟರ್ ಹತ್ರ ಪರವಾಗಿಲ್ಲ ಅಂದಿದ್ದಕ್ಕೆ, ಅವಳಿಗೂ ಸಿಗದೇ ಹೋಗಬಹುದಾ?"

ಹೋಗಬಹುದು ಎಂದೆ. ಲಲಿತಾ ಆಗಲೇ ಫೋನು ಹಚ್ಚಿ, ಹಣ ಬಂತು, ಸೀರೆಯೂ ಬಂತು, ಮೊದಲು ಅರ್ಜಿ ಹಾಕು ಎಂದು ನಸ್ರೀನಳಿಗೆ ಹೇಳಿದಳು. ಆ ಕಡೆಯಿಂದ ಮದುವೆ ಮನೆಯ ಗಲಾಟೆ ಕೇಳುತ್ತಿತ್ತು. ಅದರ ನಡುವೆಯೇ ನಸ್ರೀನ್, ಸೀರೆ ಚೆನ್ನಾಗಿತ್ತು ಲಲಿತಾ, ನೀವೇ ಉಟ್ಟು ಫೋಟೋ ಕಳಿಸಿ ಎಂದದ್ದು ನನಗೂ ಕೇಳಿಸಿತು. ಗಡುವು ಮುಗಿಯುವ ಮುನ್ನಾದಿನ ಅರ್ಜಿ ಹೋಯಿತು.

ಉಳಿದ ದಿನಗಳಲ್ಲಿ ನಾನು ಕ್ಯಾರಿಯ ಕೆರೆ ಸುತ್ತಿದೆ, ಬಾತುಗಳನ್ನು ನೋಡಿದೆ, ಅಮೆರಿಕನ್ನರು ನಾಯಿಯ ಹಿಂದೆ ಪ್ಲಾಸ್ಟಿಕ್ ಚೀಲ ಹಿಡಿದು ವಿನಯದಿಂದ ನಡೆಯುವುದನ್ನು ನೋಡಿದೆ. ಲಲಿತಾಳ ಬಾಯಲ್ಲಿ ಒಂದೇ ಮಾತು, ಅವಳಿಗೆ ಸಿಗುತ್ತದಾ ಅಣ್ಣ. ತನ್ನ ಕೇಸು ವಜಾ ಆದಾಗಲೂ ಅವಳು ಇಷ್ಟು ಚಡಪಡಿಸಿರಲಿಲ್ಲವೆಂದು ಪ್ರಕಾಶ್ ಹೇಳಿದರು. ಸಿಗುತ್ತದೆ, ಸುಮ್ಮನಿರು ಎಂದು ಗದರುತ್ತಿದ್ದೆ. ನನ್ನ ಒಳಗಿನ ಒಂದು ಮೂಲೆ ಮಾತ್ರ ಪೂರ್ತಿ ಸಿಗದಿರಲಿ, ಸ್ವಲ್ಪವಾದರೂ ಕತ್ತರಿಸಲಿ ಎಂದು ಹಾರೈಸುತ್ತಲೇ ಇತ್ತು. ಆ ಮೂಲೆಯನ್ನು ಗದರಿಸಿ ಪ್ರಯೋಜನವಾಗಲಿಲ್ಲ.

ಮೈಸೂರು

ಊರಿಗೆ ಬಂದು ಕೆಲವು ತಿಂಗಳ ಮೇಲೆ, ಒಂದು ಸಂಜೆ ಛೇಂಬರಿನಲ್ಲಿದ್ದೆ. ಎದುರಿಗೆ ತಿ. ನರಸೀಪುರದ ಕಡೆಯ ಗಂಡ ಹೆಂಡತಿ ಕುಳಿತಿದ್ದರು. ಬೈಕಿಗೆ ಬಸ್ಸು ಬಡಿದು ಗಂಡನ ಎಡಗೈ ಸ್ವಾಧೀನ ತಪ್ಪಿಹೋಗಿತ್ತು. ಪರಿಹಾರದ ಹಣ ಹಿಂದಿನ ದಿನವಷ್ಟೇ ಅವನ ಖಾತೆಗೆ ಬಿದ್ದಿತ್ತು. ಹೆಂಡತಿ ವ್ಯಾನಿಟಿ ಬ್ಯಾಗನ್ನು ಎರಡೂ ಕೈಯಿಂದ ಹಿಡಿದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಾನು ಮಾತು ಎಲ್ಲಿಂದ ಶುರು ಮಾಡಲಿ ಎಂದು ನೋಡುತ್ತಿದ್ದೆ.

ಅಷ್ಟರಲ್ಲಿ ಲಲಿತಾಳ ವಿಡಿಯೋ ಕರೆ ಬಂತು. ಅಲ್ಲಿ ಬೆಳಿಗ್ಗೆ. ಅವಳು ಒಲೆಯ ಮುಂದೆ ನಿಂತು, ಎಡಗೈಯಲ್ಲಿ ಸೌಟು ಆಡಿಸುತ್ತಿದ್ದಳು. ಮುಖವೆಲ್ಲ ನಗು.

"ಅಣ್ಣ, ಆರ್ಡರ್ ಬಂತಂತೆ. ನಸ್ರೀನ್‌ಗೆ ಫೀಸ್ ಸಿಕ್ತು."

ಕೆಲವು ಗಂಟೆಗಳನ್ನು ಗುಮಾಸ್ತನ ಕೆಲಸವೆಂದು ಕತ್ತರಿಸಿದ್ದಾರಂತೆ. ಡಾಕ್ಟರಿಗೆ ಕೊಟ್ಟದ್ದು ಪೂರ್ತಿ ಬಂತಂತೆ. ಕೇಸು ಸೋತಿದ್ದರೂ ಅದಕ್ಕೆ ತಕ್ಕ ಆಧಾರವಿತ್ತು, ಅದನ್ನು ಹಾಕಿದ್ದು ಪ್ರಾಮಾಣಿಕವಾಗಿಯೇ ಎಂದು ಬರೆದಿದ್ದಾರಂತೆ. ಅಂದರೆ ನನ್ನ ನೋವು ಸುಳ್ಳಲ್ಲ ಅಂತ ತಾನೇ ಅಣ್ಣ ಎಂದು ಲಲಿತಾ ಕೇಳಿದಳು. ಹೌದು ಎಂದೆ. ಒಲೆಯ ಮೇಲೆ ಏನು ಎಂದ ನನಗೆ ಪಾತ್ರೆ ಬಗ್ಗಿಸಿ ತೋರಿಸಿದಳು, ಶಾವಿಗೆ ಪಾಯಸ. ಅಕ್ಕಪಕ್ಕದ ಕನ್ನಡದವರಿಗೆಲ್ಲ ಕೊಟ್ಟುಬರುತ್ತಾಳಂತೆ.

ಫೋನು ಇಟ್ಟೆ. ಈ ಛೇಂಬರಿನಲ್ಲಿ ಕುಳಿತು ನಾನು ಎಷ್ಟೋ ಕೇಸು ಗೆದ್ದಿದ್ದೇನೆ, ಎಷ್ಟೋ ಫೀಸು ಎಣಿಸಿಕೊಂಡಿದ್ದೇನೆ. ನನಗೆ ಫೀಸು ಬಂದ ದಿನ ಯಾರ ಮನೆಯಲ್ಲೂ ಪಾಯಸ ಮಾಡಿಲ್ಲ.

ಎದುರಿಗಿದ್ದ ಹೆಂಗಸು ಬ್ಯಾಗಿನ ಜಿಪ್ಪಿನ ಮೇಲೆ ಬೆರಳಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಎಷ್ಟು ಕೊಡಬೇಕು ಸ್ವಾಮಿ ಎಂದು ಕೇಳಿದಳು. ನಾನು ಎಂದಿನಂತೆಯೇ ನನ್ನ ಪಾಲು ಹೇಳಿದೆ.